ನೀಲಾಂಬಿಕ ಮೇಡಂ ಅವರ ಇಪ್ಪತ್ತು ಕುರಿಗಳು

ಸೊರಬ ತಾಲ್ಲೂಕಿನ ಹಳ್ಳಿಗಳಲ್ಲಿ ನೀಲಾಂಬಿಕ ಮೇಡಂ ಅವರನ್ನು ಮೊದಲ ಸಲ ನೋಡಿದವರು ಇವರು ಏನೋ ಮಾರಲು ಬಂದವರು ಎಂದೇ ತಿಳಿಯುತ್ತಿದ್ದರು. ತಪ್ಪು ಊರಿನವರದಲ್ಲ. ಹಣೆಯ ಮೇಲೆ ವಿಭೂತಿ, ಕಾಲಿಗೆ ಬಿಳಿ ಕ್ಯಾನ್ವಾಸ್ ಬೂಟು, ಸ್ಕೂಟಿಯಲ್ಲಿ ಕಾಲಿಡುವ ಜಾಗದಲ್ಲಿ ಒಂದು ಕಂದು ಚೀಲ. ಆ ಚೀಲದ ಗಾತ್ರಕ್ಕೆ ಮೇಡಂ ಎರಡೂ ಕಾಲನ್ನು ಹೊರಗೆ ಚಾಚಿಕೊಂಡು ಗಾಡಿ ಓಡಿಸಬೇಕಿತ್ತು. ಕುಪ್ಪಗಡ್ಡೆಯಲ್ಲಿ ಒಬ್ಬಾಕೆ, ನೈಟಿ ಇದ್ದರೆ ತೋರಿಸಿ ಎಂದಿದ್ದಳು. ಕುಬಟೂರಿನಲ್ಲಿ ಒಬ್ಬ ಹಿರಿಯರು ಮಂಡಿನೋವಿನ ಎಣ್ಣೆ ಕೇಳಿ, ಇಲ್ಲವೆಂದಾಗ, ಹಾಗಾದರೆ ಇನ್ಶೂರೆನ್ಸ್‌ನವರೇ ಇರಬೇಕು ಎಂದು ಬಾಗಿಲು ಹಾಕಿಕೊಂಡಿದ್ದರು.

ನೀಲಾಂಬಿಕ ಮೇಡಂ ಸಂಪನ್ಮೂಲ ಶಿಕ್ಷಕಿ. ಹಾಗೆಂದರೇನು ಎಂದು ಅವರ ಅತ್ತೆಗೇ ಹನ್ನೊಂದು ವರ್ಷದಿಂದ ತಿಳಿದಿರಲಿಲ್ಲ. ಓದಿನಲ್ಲೋ ಲೆಕ್ಕದಲ್ಲೋ ಮಾತಿನಲ್ಲೋ ತಡವರಿಸುವ ಮಕ್ಕಳನ್ನು ಶಾಲೆಯಿಂದ ಶಾಲೆಗೆ ಹೋಗಿ ಹುಡುಕಬೇಕು. ಯಾವ ಮಗುವಿಗೆ ಎಲ್ಲಿ ತೊಡಕಾಗಿದೆ ಎಂದು ನೋಡಬೇಕು. ಆ ತೊಡಕಿಗೆ ತಕ್ಕ ಪಾಠ ಮಾಡಿಕೊಂಡು ವಾರಕ್ಕೆ ಎರಡು ಸಲ, ಅರ್ಧರ್ಧ ಗಂಟೆ, ಆ ಮಗುವನ್ನು ಬೇರೆ ಕೂರಿಸಿ ಕಲಿಸಬೇಕು. ಹದಿನಾಲ್ಕು ಶಾಲೆಗಳು ಅವರ ಪಾಲಿಗಿದ್ದವು. ಯಾವ ಶಾಲೆಯಲ್ಲೂ ಅವರದೆಂದು ಒಂದು ಕುರ್ಚಿ ಇರಲಿಲ್ಲ. ಮನೆ ಶಿಕಾರಿಪುರದಲ್ಲಿ, ಗಂಡ ಶಾಂತವೀರಪ್ಪನವರದು ಬಸ್‌ಸ್ಟ್ಯಾಂಡಿನ ಹತ್ತಿರ ಬೀಜ ಗೊಬ್ಬರದ ಅಂಗಡಿ. ಮೇಡಂ ದಿನಾ ಬೆಳಿಗ್ಗೆ ಶಿರಾಳಕೊಪ್ಪದ ಮೇಲೆ ಹಾದು ಬರುವ ಬಸ್ಸಿನಲ್ಲಿ ಸೊರಬಕ್ಕೆ ಬಂದು, ಅಲ್ಲಿ ಪರಿಚಯದವರ ಅಂಗಳದಲ್ಲಿ ಬಿಟ್ಟಿರುತ್ತಿದ್ದ ಸ್ಕೂಟಿ ಹತ್ತಿ ಹಳ್ಳಿಗಳಿಗೆ ಹೋಗುತ್ತಿದ್ದರು.

ಚೀಲದಲ್ಲಿ ಹುಣಸೆಬೀಜ, ಗುಂಡಿಗಳು, ಉಪ್ಪುಕಾಗದದಲ್ಲಿ ಕತ್ತರಿಸಿದ ಅಕ್ಷರಗಳು, ಮುಳ್ಳು ಮಾತ್ರ ತಿರುಗುವ ಒಂದು ಗಡಿಯಾರ ಇದ್ದವು. ಎಲ್ಲಕ್ಕಿಂತ ಮೇಲೆ, ಒಂದಕ್ಕೊಂದು ತಾಗಿ ಬಣ್ಣಗೆಡದಂತೆ ಹಳೆಯ ಪಂಚೆಯಲ್ಲಿ ಸುತ್ತಿಟ್ಟ ಇಪ್ಪತ್ತು ಕುರಿಗಳು. ಒಂದು ತರಬೇತಿಯಲ್ಲಿ ಯಾರೋ, ಮಕ್ಕಳಿಗೆ ಅವರವರ ಮನೆಯ ವಸ್ತುಗಳಿಂದಲೇ ಕಲಿಸಿ, ಸೇಬಿನ ಚಿತ್ರ ಬೇಡ ಎಂದಿದ್ದರು. ಕೇಳಿದ ಎಂಬತ್ತು ಜನರಲ್ಲಿ ಆ ಮಾತನ್ನು ಮನಸ್ಸಿಗೆ ಹಾಕಿಕೊಂಡವರು ಇವರೊಬ್ಬರೇ ಇರಬೇಕು. ದಸರಾ ರಜೆಯಿಡೀ ಗಂಡ ಹೆಂಡತಿ ಕೂತು ಹೊಲಿದರು. ಉಣ್ಣೆಗಾಗಿ ಅತ್ತೆಯ ಹಳೆಯ ಕಂಬಳಿಗೆ ಕತ್ತರಿ ಬಿತ್ತು. ಅತ್ತೆ ನಾಲ್ಕು ದಿನ ಮಾತು ಬಿಟ್ಟು, ಐದನೆಯ ದಿನ ಬಂದು, ಕುರಿಯ ಕಿವಿ ಹೀಗೆ ನಿಂತಿರುವುದಿಲ್ಲ, ಜೋಲು ಬಿದ್ದಿರುತ್ತದೆ ಎಂದು ತಿದ್ದಿ ಹೋದರು. ಬಾಲ ಹಚ್ಚುವುದು ಶಾಂತವೀರಪ್ಪನವರ ವಿಭಾಗ. ಅಂಗಡಿಗೆ ಬಂದ ರೈತರು ಗೊಬ್ಬರ ಕೇಳಿದರೆ, ಈ ಬಾಲ ಒಂದು ಆಗಲಿ ತಡೀರಿ ಎನ್ನುತ್ತಿದ್ದರಂತೆ.

ಆ ಕುರಿಗಳಿಗೆ ಕಲಿಕಾ ಸಾಮಗ್ರಿಗಳ ಪ್ರದರ್ಶನದಲ್ಲಿ ಮೊದಲ ಬಹುಮಾನ ಬಂತು. ಪ್ರಶಸ್ತಿಪತ್ರ ಕನ್ನಡಿ ಹಾಕಿಸಿಕೊಂಡು ಹಾಲಿನ ಗೋಡೆ ಸೇರಿತು. ಮೇಲಿನವರು ಬಂದು ಕುರಿಗಳ ಫೋಟೋ ಹಿಡಿದು, ಟೇಪಿನಲ್ಲಿ ಅಳತೆಯನ್ನೂ ತೆಗೆದುಕೊಂಡು ಹೋದರು. ಯಾಕೆಂದು ಹೇಳಲಿಲ್ಲ, ಮೇಡಂ ಕೇಳಲೂ ಇಲ್ಲ. ಅಳತೆ ತೆಗೆಯುವುದೂ ಗೌರವದ ಒಂದು ಬಗೆ ಎಂದುಕೊಂಡರು.

ಕುರಿ ಕಂಡ ಮೇಲೆ ಬಾಯಿ ಬಿಡದ ಮಗು ಇಲ್ಲ ಎಂಬುದು ಅವರ ಹೆಮ್ಮೆ. ಆ ಹೆಮ್ಮೆಗೆ ಪೆಟ್ಟು ಬಿದ್ದದ್ದು ಗುಡವಿಯ ದಾರಿಯಿಂದ ಬಲಕ್ಕೆ ಹೊರಳಿದರೆ ಸಿಗುವ ಒಂದು ಸಣ್ಣ ಊರಿನಲ್ಲಿ. ಅಲ್ಲಿಯ ಶಾಲೆಯಲ್ಲಿ ನಲವತ್ತಮೂರು ಮಕ್ಕಳು. ಐದನೇ ತರಗತಿಯ ಸುಷ್ಮಿತಾ ಓದಲಾರಳು ಎಂದು ಮುಖ್ಯಶಿಕ್ಷಕ ವೀರೇಶ ಸರ್ ಹೆಸರು ಕೊಟ್ಟಿದ್ದರು. ಹುಡುಗಿಗೆ ಅಕ್ಷರ ಒಂದೊಂದೇ ಗೊತ್ತು, ನಾಲ್ಕು ಸೇರಿದರೆ ಗೊತ್ತಿಲ್ಲ. ಸಾಲಿನ ಮೇಲೆ ಬೆರಳಿಟ್ಟರೆ ಬೆರಳು ಮುಂದೆ ಹೋಗುತ್ತಿತ್ತು, ಕಣ್ಣು ಹಿಂದೆ ಉಳಿಯುತ್ತಿತ್ತು. ಅದನ್ನು ನೋಡಿ ಗುರುತು ಹಾಕಿಕೊಂಡ ಮೇಡಂ, ಲೆಕ್ಕವನ್ನೂ ನೋಡಿಬಿಡೋಣವೆಂದು ಪಂಚೆ ಬಿಚ್ಚಿದರು. ಕುರಿ ಸಾಕುವ ಮನೆಯ ಹುಡುಗಿ ಎಂದು ತಿಳಿದಿದ್ದರಿಂದ ಬಿಚ್ಚುವಾಗಲೇ ಅವರ ಮುಖ ಅರಳಿತ್ತು.

ಸುಷ್ಮಿತಾಳ ಮುಖವೂ ಅರಳಿತು. ಒಂದು ಕುರಿಯನ್ನು ಎತ್ತಿ ಕಿವಿ ಮುಟ್ಟಿ ನೋಡಿದಳು. ಮೇಡಂ ಏಳು ಕುರಿಗಳನ್ನು ಬೆಂಚಿನ ಮೇಲೆ ನಿಲ್ಲಿಸಿ, ಎಷ್ಟು ಕುರಿ ಇದಾವೆ ಎಂದರು.

"ಅದಾವೆ ಮೇಡಂ," ಎಂದಳು ಸುಷ್ಮಿತಾ.

"ಅದಾವೆ, ಸರಿ. ಎಷ್ಟು ಅದಾವೆ?"

"ಬೇಕಾದಷ್ಟು ಅದಾವೆ."

ಮೇಡಂ ಐದಕ್ಕಿಳಿದರು, ಮೂರಕ್ಕಿಳಿದರು. ಮೂರು ಕುರಿಗಳೂ ಅವಳ ಲೆಕ್ಕದಲ್ಲಿ ಬೇಕಾದಷ್ಟೇ ಆದವು. ಆಮೇಲೆ ಮತ್ತೆ ಏಳನ್ನೂ ಇಟ್ಟು, ಎರಡನ್ನು ಎತ್ತಿ ಚೀಲಕ್ಕೆ ಹಾಕಿ, ಎರಡನ್ನು ಯಾರೋ ಒಯ್ದರು ಅಂದುಕೋ, ಈಗ ಎಷ್ಟುಳಿದವು ಎಂದರು. ಹುಡುಗಿ ಬೆಂಚಿನ ಕಡೆ ನೋಡಲೇ ಇಲ್ಲ. ಚೀಲದ ಬಾಯನ್ನೇ ನೋಡುತ್ತ ಕೂತಳು. ಕಣ್ಣಲ್ಲಿ ನೀರು ತುಂಬಿ, ಇಳಿಯದೆ ನಿಂತಿತು. ಮುಂದಿನ ಎರಡು ಭೇಟಿಗಳಲ್ಲಿ ಚೀಲದಿಂದ ಗುಂಡಿ ಬಂದರೂ ಹುಣಸೆಬೀಜ ಬಂದರೂ ಅವಳು ತುಟಿ ಬಿಚ್ಚಲಿಲ್ಲ. ಮೇಡಂ ನಮೂನೆಯಲ್ಲಿ ಬರೆದರು: ಓದು ಇಲ್ಲ, ಸಂಖ್ಯೆಯ ಕಲ್ಪನೆ ಇಲ್ಲ, ಬೌದ್ಧಿಕ ಹಿನ್ನಡೆಯ ಶಂಕೆ. ಕೆಳಗೆ ಸಹಿ ಹಾಕಿದರು. ಅವರ ಸಹಿ ದುಂಡಗೆ, ಚೆನ್ನಾಗಿರುತ್ತಿತ್ತು.

ವೀರೇಶ ಸರ್ ಕೆಟ್ಟವರಲ್ಲ. ಕೆಲಸ ಬೇಗ ಮುಗಿಯಲಿ ಎನ್ನುವವರು. ಆ ಕಾಗದವನ್ನು ಅದೇ ಸಂಜೆ ಮೇಲಕ್ಕೆ ಕಳಿಸಿದರು. ಸೊರಬದಲ್ಲಿ ಮೌಲ್ಯಾಂಕನ ಶಿಬಿರ ಬರುವ ಗುರುವಾರಕ್ಕೆ ನಿಗದಿಯಾಗಿತ್ತು. ಶಿವಮೊಗ್ಗದಿಂದ ತಜ್ಞರು ಬಂದು ಮಕ್ಕಳನ್ನು ನೋಡಿ ಬರೆದುಕೊಡುತ್ತಾರೆ, ಅವರು ಹೌದೆಂದರೆ ಸುಷ್ಮಿತಾಳನ್ನು ದೂರದ ವಿಶೇಷ ಶಾಲೆಯ ಹಾಸ್ಟೆಲ್ಲಿಗೆ ಸೇರಿಸಬಹುದು ಎಂದು ಅವಳ ಅಪ್ಪ ಲೋಕಪ್ಪನಿಗೆ ವಿವರಿಸಿ ಹೇಳಿದರು. ಮೇಡಂ ಬರೆದ ಮೇಲೆ ಸರಿಯೇ ಇರಬೇಕೆಂದು ಲೋಕಪ್ಪ ತಲೆಯಾಡಿಸಿದ. ಸಹಿ ಮಾತ್ರ ತನ್ನವ್ವನನ್ನು ಕೇಳಿ ಹಾಕುತ್ತೇನೆ ಎಂದ. ಅವ್ವನನ್ನು ಒಪ್ಪಿಸುವ ಕೆಲಸ ನೀಲಾಂಬಿಕ ಮೇಡಂ ಪಾಲಿಗೆ ಬಂತು.

ಹೀಗೆ ಸೋಮವಾರ ಮಧ್ಯಾಹ್ನ ಮೇಡಂ ಚೀಲ ಹೊತ್ತು ಲೋಕಪ್ಪನ ಅವ್ವ ಹಾಲಮ್ಮನ ಅಂಗಳಕ್ಕೆ ಹೋದರು. ಹಾಲಮ್ಮ ಕಂಬಕ್ಕೆ ಒರಗಿ ಕೂತಿದ್ದಳು. ಕೂತ್ಕಳಿ ಎಂದಳು, ಆದರೆ ನೀರು ಕೊಡಲಿಲ್ಲ. ಮೇಡಂ ಹಾಸ್ಟೆಲ್ಲಿನ ಮಂಚ, ಮೂರು ಹೊತ್ತಿನ ಊಟ, ಸೊಳ್ಳೆಪರದೆಯ ತನಕ ಹೇಳಿ ಮುಗಿಸುವವರೆಗೂ ಅವಳ ಕಣ್ಣು ಚೀಲದ ಮೇಲಿತ್ತು.

"ಅದಿರ್ಲಿ," ಎಂದಳು ಹಾಲಮ್ಮ. "ನಮ್ಮವು ಎರಡನ್ನ ಈ ಚೀಲಕ್ಕೆ ಹಾಕ್ಕಂಡು ಹೋದ್ರಂತಲ್ಲ, ಅದೇನು ಕತೆ?"

ಮೇಡಂಗೆ ಮೊದಲು ಅರ್ಥವಾಗಲಿಲ್ಲ. ಹಾಲಮ್ಮ ಬಿಡಿಸಿ ಹೇಳಿದಳು. ಮೇಡಂ ಶಾಲೆಯಲ್ಲಿ ಕುರಿ ಎಣಿಸಿ, ಎರಡನ್ನು ಯಾರೋ ಒಯ್ದರು ಎಂದು ಬಾಯಲ್ಲೇ ಅಂದು ಚೀಲಕ್ಕೆ ಹಾಕಿದ್ದನ್ನು ಮೊಮ್ಮಗಳು ಬಂದು ಹೇಳಿದ್ದಾಳೆ. ಮೊನ್ನೆ ಶನಿವಾರ ಮೇಯಲು ಹೋದದ್ದರಲ್ಲಿ ಎರಡು ಹಟ್ಟಿಗೆ ಬಂದಿಲ್ಲ. ಒಂದು ಬಿಳಿ ಮೂಗಿನದು, ಒಂದು ಅದರ ತಂಗಿ. ಲೋಕಪ್ಪ ಕೆರೆಯ ಹಿಂದೆಯೆಲ್ಲ ತಿರುಗಿ ಬಂದಿದ್ದಾನೆ. ಅವರ ಮನೆಯಲ್ಲಿ ತಾತನ ಕಾಲದಿಂದಲೂ ಕುರಿ ಎಣಿಸಿದವರಿಲ್ಲ, ಎಣಿಸಿದರೆ ಕಣ್ಣಾಗುತ್ತದೆ. ಯಾರಾದರೂ ಎಷ್ಟಿವೆ ಎಂದು ಕೇಳಿದರೆ, ಅದಾವೆ ಅನ್ನಬೇಕು. ಸರ್ಕಾರದಿಂದ ಬಂದು ಕೇಳಿದವರಿಗೂ ಹಾಗೇ ಹೇಳಿದ್ದಾಳೆ.

ಎಣಿಸದಿದ್ದರೆ ಎರಡು ಬಂದಿಲ್ಲವೆಂದು ಹೇಗೆ ಗೊತ್ತಾಯಿತು ಎಂದು ಮೇಡಂ ಕೇಳಿದರು. ಅದು ಅವರ ಬಾಯಿಂದ ಬಿದ್ದ ಮೇಲೆ ಅವರಿಗೇ ಸಣ್ಣ ಮಾತೆನಿಸಿತು.

"ಮನೆ ಮಕ್ಕಳು ಉಣ್ಣಕ್ಕೆ ಕೂತಾಗ ನೀವು ಎಣಿಸ್ತೀರಾ ಮೇಡಂ? ಯಾರು ಬಂದಿಲ್ಲ ಅಂತ ಗೊತ್ತಾಗಲ್ವಾ?"

ನೀಲಾಂಬಿಕ ಮೇಡಂ ತಲೆಯಲ್ಲಿ ಬೆಂಚು, ಏಳು ಕುರಿ, ತುಂಬಿ ನಿಂತ ಕಣ್ಣು ಎಲ್ಲವೂ ಒಟ್ಟಿಗೆ ಬಂದು ಕೂತವು. ಮೂರನ್ನು ಎಣಿಸಲಾರದ ಹುಡುಗಿ ಎಂದು ತಾವು ಬರೆದದ್ದು, ಅಜ್ಜಿಯ ಮಾತು ಮೀರದ ಹುಡುಗಿಯನ್ನು.

ಹಾಲಮ್ಮನದು ಒಂದೇ ಬೇಡಿಕೆ. ಚೀಲಕ್ಕೆ ಹಾಕಿಕೊಂಡದ್ದನ್ನು ವಾಪಸ್ ಇಡಬೇಕು, ಇಲ್ಲೇ, ಕಣ್ಣೆದುರಿಗೆ. ಎರಡು ಪದವಿ, ಹನ್ನೊಂದು ವರ್ಷದ ಅನುಭವ, ಕನ್ನಡಿ ಹಾಕಿಸಿದ ಪ್ರಶಸ್ತಿಪತ್ರ ಇರುವ ನೀಲಾಂಬಿಕ ಮೇಡಂ ಅಂಗಳದಲ್ಲಿ ಮಂಡಿಯೂರಿ ಪಂಚೆ ಬಿಚ್ಚಿ ಬಟ್ಟೆಯ ಕುರಿಗಳನ್ನು ನಿಲ್ಲಿಸಿದರು. ಎರಡನ್ನು ಬೇರೆ ತೆಗೆದು, ಹಾಲಮ್ಮ ಸಾಕೆನ್ನುವವರೆಗೂ ಕೈಯಲ್ಲಿ ಹಿಡಿದು, ಮತ್ತೆ ಹಿಂಡಿನ ನಡುವೆ ಇಟ್ಟರು. ಒಂದು ಕುರಿ ಪಕ್ಕಕ್ಕೆ ಬಿತ್ತು. ಅದನ್ನೂ ಎತ್ತಿ ನಿಲ್ಲಿಸಿ ಎಂದಳು ಹಾಲಮ್ಮ. ಬಾಲಗಳನ್ನು ನೋಡಿ, ಇದನ್ಯಾರು ಹಚ್ಚಿದ್ದು, ನಾಯಿ ಬಾಲ ಇದ್ದಂಗಿದೆ ಎಂದಳು. ಹಿಂಡನ್ನು ಮತ್ತೆ ಚೀಲಕ್ಕೆ ತುಂಬಲು ಮಾತ್ರ ಬಿಡಲಿಲ್ಲ. ಒಳಗೆ ದೇವರ ಗೂಡಿನ ಕೆಳಗಿನ ಗೂಡಿನಲ್ಲಿ ಇಪ್ಪತ್ತಕ್ಕೂ ಜಾಗವಾಯಿತು. ಆಮೇಲೆ ನೀರು ಬಂತು, ಬೆಲ್ಲದ ಜೊತೆ.

ಮೇಡಂ ಬಾಗಿಲಿಗೆ ಬಂದಾಗ ಸುಷ್ಮಿತಾ ಸ್ಕೂಟಿಯ ಹತ್ತಿರ ನಿಂತಿದ್ದಳು. ಅವತ್ತಿನ ತನಕ ಅವಳಾಗಿ ಒಂದು ಮಾತೂ ಆಡಿರಲಿಲ್ಲ.

"ಮೇಡಂ, ಹಾಸ್ಟೆಲ್ಲಲ್ಲಿ ರಾತ್ರಿ ಮಕ್ಕಳನ್ನ ಎಣಿಸ್ತಾರಾ?"

ಎಣಿಸುತ್ತಾರೆ ಎಂಬುದು ಮೇಡಂಗೆ ಗೊತ್ತಿತ್ತು. ಗಾಡಿಯ ಕೀಲಿಯನ್ನು ಎರಡು ಸಲ ತಪ್ಪು ಕಡೆಗೆ ತಿರುಗಿಸಿದರು.

ಮರುದಿನ ಬೆಳಿಗ್ಗೆ ಬಿಳಿ ಮೂಗಿನದೂ ಅದರ ತಂಗಿಯೂ ಪಕ್ಕದೂರಿನವರ ಹಿಂಡಿನಿಂದ ತಾವಾಗಿಯೇ ಬಂದು ಹಟ್ಟಿ ಸೇರಿದವು ಎಂದು ಲೋಕಪ್ಪ ಫೋನು ಮಾಡಿದ. ಹಾಲಮ್ಮ ಪಕ್ಕದಿಂದ, ಮೇಡಂ ಕೈಗುಣ ಒಳ್ಳೇದು ಅಂತ ಹೇಳು ಎನ್ನುವುದು ಕೇಳಿಸಿತು. ಇದಕ್ಕೂ ಅದಕ್ಕೂ ಸಂಬಂಧವಿಲ್ಲವೆಂದು ಮೇಡಂ ಗಂಡನಿಗೆ ಹೇಳಿದರು. ಎರಡನೆಯ ಸಲ ಹೇಳಿದಾಗ ಶಾಂತವೀರಪ್ಪನವರು, ಇಲ್ಲ ಅಂತ ಯಾರು ವಾದ ಮಾಡ್ತಿದಾರೆ ಎಂದರು.

ಹುಡುಗಿಗೆ ಲೆಕ್ಕ ಬರುತ್ತದೋ ಇಲ್ಲವೋ ಎಂಬುದು ಇನ್ನೂ ಗೊತ್ತಾಗಬೇಕಿತ್ತು. ಕುರಿ ಎಣಿಸಲಿಲ್ಲ ಎಂದ ಮಾತ್ರಕ್ಕೆ ಉಳಿದದ್ದು ಎಣಿಸುತ್ತಾಳೆ ಎಂದೇನಿಲ್ಲ. ಮಂಗಳವಾರ ಶಾಲೆಗೆ ಹೋಗಿ ಕೇಳಿದಾಗ ವೀರೇಶ ಸರ್, ಅವಳಾ, ಅಡುಗೆಮನೆ ಕಡೆ ಇರ್ತಾಳೆ ನೋಡಿ, ಅಲ್ಲೇ ಅವಳ ಸಂಸಾರ ಎಂದರು.

ಈಗ ಅಡುಗೆಮನೆಯ ವಿಷಯ ಹೇಳಬೇಕು. ನೀಲಾಂಬಿಕ ಮೇಡಂ ಈ ಶಾಲೆಗೆ ಮೂರು ವರ್ಷದಿಂದ ಬರುತ್ತಿದ್ದರೂ ಅಡುಗೆಮನೆಯ ಕಡೆಗಿನ ಜಗಲಿಯನ್ನು ತುಳಿದವರಲ್ಲ. ಅಲ್ಲಿ ಮೊಟ್ಟೆ ಬೇಯುತ್ತಿತ್ತು. ಮಕ್ಕಳು ತಿನ್ನಲಿ, ಅದಕ್ಕೆ ಅವರ ಮನಸ್ಸಿನಲ್ಲಿ ಏನೂ ಇಲ್ಲ. ಆದರೆ ಲಿಂಗ ಕಟ್ಟಿದ ಮನೆಯಲ್ಲಿ ಹುಟ್ಟಿ ಬೆಳೆದ ಮೂಗು ಮನಸ್ಸಿನ ಮಾತು ಕೇಳುತ್ತಿರಲಿಲ್ಲ. ಹನ್ನೆರಡೂವರೆಗೆ ಕಿಟಕಿ ಹಾಕಿ, ಬೆನ್ನು ತಿರುಗಿಸಿ, ತಮ್ಮ ಚಪಾತಿ ಪಲ್ಯ ತಿಂದು ಹೊರಟುಬಿಡುವುದು ರೂಢಿ. ಅವತ್ತು ಸೆರಗನ್ನು ಮೂಗಿಗೆ ಹಿಡಿದು ಜಗಲಿ ಹತ್ತಿದರು.

ಅಡುಗೆಯ ಲೋಕಮ್ಮ ಒಲೆಯ ಮುಂದಿದ್ದಳು. ಸುಷ್ಮಿತಾ ತರಗತಿಯಿಂದ ತರಗತಿಗೆ ತಲೆ ಹಾಕಿ ಓಡಿಬಂದು, ಇನ್ನೂ ಉಸಿರು ನಿಲ್ಲುವ ಮೊದಲೇ, "ಲೋಕಮ್ಮತ್ತೆ, ಮೂವತ್ತೆಂಟು ಬಂದಾರೆ, ಒಂಬತ್ತು ಬಾಳೆಹಣ್ಣು, ಇಪ್ಪತ್ತೊಂಬತ್ತು ಹಾಕು," ಎಂದಳು. ಲೋಕಮ್ಮ ಇಪ್ಪತ್ತೊಂಬತ್ತು ಮೊಟ್ಟೆಯನ್ನು ನೀರಿಗಿಳಿಸಿದಳು, ತಿರುಗಿ ಕೇಳದೆ.

ಇವಳ ಲೆಕ್ಕ ಸರಿಯಿರುತ್ತದಾ ಎಂದು ಮೇಡಂ ಸೆರಗಿನ ಹಿಂದಿನಿಂದಲೇ ಲೋಕಮ್ಮನನ್ನು ಕೇಳಿದರು. ಲೋಕಮ್ಮನಿಗೆ ಆಶ್ಚರ್ಯವಾದದ್ದು ಪ್ರಶ್ನೆಗೇ. ಎರಡು ವರ್ಷದಿಂದ ಈ ಲೆಕ್ಕ ಇವಳದೇ. ಮೊಟ್ಟೆ ಬೇಕಾದವರು, ಬಾಳೆಹಣ್ಣು ಬೇಕಾದವರು, ನಿನ್ನೆಯವರೆಗೆ ಹಣ್ಣು ಎಂದು ಇವತ್ತು ಮನಸ್ಸು ಬದಲಾಯಿಸಿದವರು. ಸೋಮವಾರ ಹಣ್ಣಿನವರು ಹದಿನಾಲ್ಕು ಆಗುತ್ತಾರೆ, ಶಿವನ ವಾರ ಎಂದು. ಅದರಲ್ಲಿ ಇಬ್ಬರು ಹಣ್ಣು ತಿಂದು ಆಮೇಲೆ ಮೊಟ್ಟೆಯನ್ನೂ ಕೇಳುತ್ತಾರೆ, ಅದಕ್ಕೆ ಎರಡು ಹೆಚ್ಚಿಗೆ ಹಾಕಬೇಕು. ಇದೆಲ್ಲ ಹುಡುಗಿಯ ತಲೆಯಲ್ಲೇ ಇರುತ್ತದೆ, ಚೀಟಿ ಬರೆಯುವುದಿಲ್ಲ.

"ಚೀಟಿ ಯಾಕೆ ಬರೆಯಲ್ಲ?" ಎಂದರು ಮೇಡಂ.

"ಬರೆಯಕ್ಕೆ ಬಂದ್ರೆ ತಾನೇ," ಎಂದಳು ಲೋಕಮ್ಮ.

ಮೇಡಂ ಸೆರಗು ಕೆಳಗಿಳಿಸಿದ್ದರು. ಅದು ಅವರ ಗಮನಕ್ಕೆ ಬಂದದ್ದು ವಾಸನೆ ಬಂದ ಮೇಲೆ.

ಕಾಗದ ವಾಪಸ್ ತರಿಸಬೇಕೆಂದು ವೀರೇಶ ಸರ್ ಮುಂದೆ ಕೂತರು. ಸರ್ ಮೊಬೈಲಿನಲ್ಲಿ ಕಾಗದದ ಫೋಟೋ ತೆಗೆದು ತೋರಿಸಿ, ನಿಮ್ಮದೇ ಸಹಿ ಮೇಡಂ, ಎಷ್ಟು ಚೆನ್ನಾಗಿ ಬಂದಿದೆ ನೋಡಿ ಎಂದರು. ಇನ್ನು ಶಿಬಿರದಲ್ಲಿ ತಜ್ಞರು ಬರೆದದ್ದೇ ಕೊನೆ. ಅಲ್ಲಿ ಹುಡುಗಿ ಬಾಯಿ ಬಿಟ್ಟರೆ ಉಳಿದುಕೊಳ್ಳುತ್ತಾಳೆ. ಬಿಡದಿದ್ದರೆ ನಿಮ್ಮ ಕಾಗದ ಮಾತಾಡುತ್ತದೆ. ಆ ಮಾತಿನಲ್ಲಿ ಕುಹಕವಿರಲಿಲ್ಲ, ಅದಕ್ಕೇ ಹೆಚ್ಚು ಚುಚ್ಚಿತು.

ಅಪರಿಚಿತರ ಮುಂದೆ ಸುಷ್ಮಿತಾ ಬಾಯಿ ಬಿಡುವುದು ಒಂದೇ ವಿಷಯಕ್ಕೆ, ಮೊಟ್ಟೆಯ ಲೆಕ್ಕಕ್ಕೆ, ಎಂದು ಲೋಕಮ್ಮ ಹೇಳಿದ್ದಳು. ಕಲ್ಲು ಇಟ್ಟು ಮೊಟ್ಟೆ ಅಂದುಕೋ ಎಂದರೆ ಒಪ್ಪುವವಳಲ್ಲ, ಕಲ್ಲು ಅಂತಾಳೆ. ಬುಧವಾರ ಸಂಜೆ ನೀಲಾಂಬಿಕ ಮೇಡಂ ಗಂಡನ ಅಂಗಡಿಗೆ ಹೋಗಿ, ಗಿರಾಕಿಗಳು ಹೋಗುವವರೆಗೆ ಕಾದು, ಮೆಲ್ಲಗೆ, ಮೂವತ್ತು ಮೊಟ್ಟೆ ತರಬೇಕು ಎಂದರು.

ಶಾಂತವೀರಪ್ಪನವರು ಐವತ್ತಾರು ವರ್ಷ ಶಿಕಾರಿಪುರದಲ್ಲೇ ಇದ್ದವರು. ಪೇಟೆಯ ಪ್ರತಿ ಅಂಗಡಿಯವನೂ ಅವರಿಗೆ ಗೊತ್ತು, ಪ್ರತಿಯೊಬ್ಬನಿಗೂ ಅವರು ಗೊತ್ತು. ಅದೇ ತೊಂದರೆ. ಸ್ವಲ್ಪ ಹೊತ್ತು ತಕ್ಕಡಿ ಒರೆಸಿದರು. ಆ ಹುಡುಗಿದೇನಾ ಎಂದು ಕೇಳಿದರು. ಹೌದೆಂದ ಮೇಲೆ ಹೆಲ್ಮೆಟ್ ಹಾಕಿಕೊಂಡು, ಗಾಜನ್ನು ಕೆಳಗೆಳೆದು, ನಡೆದುಕೊಂಡೇ ಹೊರಟರು. ಎರಡು ಬೀದಿ ಆಚೆಯ ಅಂಗಡಿಗೆ ಹೋಗಿ ಹೆಲ್ಮೆಟ್ಟಿನೊಳಗಿನಿಂದಲೇ ಒಂದು ಟ್ರೇ ಎಂದರು. ಅಂಗಡಿಯವನು ಟ್ರೇ ಕಟ್ಟಿಕೊಟ್ಟು, ಹುಷಾರಾಗಿ ಹಿಡಕೊಳ್ಳಿ ಶಾಂತವೀರಪ್ಪನೋರೆ ಎಂದನಂತೆ.

ಆ ಟ್ರೇ ಅತ್ತೆಯ ಕಣ್ಣಿಗೆ ಬೀಳದಂತೆ ಬೆಳಗಿನವರೆಗೆ ಯೂರಿಯಾ ಚೀಲಗಳ ಹಿಂದೆ ಇತ್ತು. ಬೆಳಿಗ್ಗೆ ಕುರಿಗಳ ಪಂಚೆಯನ್ನೇ ಸುತ್ತಿಸಿಕೊಂಡು ಕಂದು ಚೀಲ ಸೇರಿತು. ಮೇಡಂ ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟು, ಪ್ರತಿ ಹೊಂಡಕ್ಕೂ ಅದನ್ನು ಮಗುವಿನ ಹಾಗೆ ಮೇಲೆತ್ತುತ್ತ ಕೂತಿದ್ದರು. ಶಿರಾಳಕೊಪ್ಪದಲ್ಲಿ ನಾದಿನಿ ಗಂಗಾಶ್ರೀ ಹತ್ತಿ ಪಕ್ಕದಲ್ಲೇ ಕೂತಳು. ಮನೆಯಲ್ಲಿ ಶರಣರ ವಚನಗೋಷ್ಠಿಯಿದೆ, ಬರಲೇಬೇಕು ಎಂದು ಕರೆಯುತ್ತ ಚೀಲದ ಮೇಲೆ ಮೊಣಕೈ ಊರಿದಳು. ಒಳಗೆ ಏನೋ ಸಣ್ಣಗೆ ಚಟ್ ಎಂದಿತು.

"ಏನ್ ಅತ್ತಿಗೆ ಇದು?"

"ಕಲಿಕಾ ಸಾಮಗ್ರಿ," ಎಂದರು ಮೇಡಂ. ಸುಳ್ಳಾಡಿ ಅಭ್ಯಾಸವಿಲ್ಲದವರಿಗೆ ಆ ಉತ್ತರ ನಿಜವೇ ಆಗಿದ್ದು ದೊಡ್ಡ ಸಮಾಧಾನ.

ಶಿಬಿರ ನಡೆದದ್ದು ಸೊರಬದ ಒಂದು ಸಭಾಂಗಣದಲ್ಲಿ. ತಾಲ್ಲೂಕಿನ ಇಪ್ಪತ್ತಾರು ಮಕ್ಕಳು, ಅವರ ಮನೆಯವರು, ಹಿಂದೆ ಅನ್ನ ಸಾರಿನ ಒಲೆ. ಹಾಲಮ್ಮ ಮೊಮ್ಮಗಳ ಕೈ ಹಿಡಿದು ಮುಂದಿನ ಸಾಲಿನಲ್ಲೇ ಕೂತಿದ್ದಳು. ತಜ್ಞೆ ಇನ್ನೂ ಚಿಕ್ಕ ವಯಸ್ಸಿನವರು, ಕನ್ನಡಕದವರು, ಬೆಳಿಗ್ಗೆಯಿಂದ ಹದಿನೈದು ಮಕ್ಕಳನ್ನು ನೋಡಿ ದಣಿದಿದ್ದರು. ಸುಷ್ಮಿತಾಳ ಹೆಸರು ಕರೆದಾಗ ಕಾಗದವನ್ನೊಮ್ಮೆ ಓದಿ, ಮೇಜಿನ ಕೆಳಗಿನಿಂದ ಒಂದು ಹೊಸ ಡಬ್ಬಿ ತೆಗೆದರು. ಡಬ್ಬಿಯೊಳಗಿನಿಂದ ಒಂದೊಂದಾಗಿ ಬಟ್ಟೆಯ ಕುರಿಗಳು ಹೊರಬಂದವು.

ನೀಲಾಂಬಿಕ ಮೇಡಂ ಎದ್ದು ನಿಂತರು. ಅವೇ ಕುರಿಗಳು, ಅದೇ ಅಳತೆ. ಕಂಬಳಿಯ ಬದಲು ಅಂಗಡಿಯ ಹತ್ತಿ, ಕಣ್ಣು ಸ್ವಲ್ಪ ವಾರೆ, ಆದರೆ ಬಾಲ ಶಾಂತವೀರಪ್ಪನವರದೇ. ಅಂದು ಟೇಪು ಹಿಡಿದವರು ಯಾಕೆ ಹಿಡಿದರೆಂದು ಈಗ ತಿಳಿಯಿತು. ತಾವು ಒಂದು ಮಗುವಿಗೆ ಮಾಡಿದ ತಪ್ಪು ಡಬ್ಬಿ ಸೇರಿ ಜಿಲ್ಲೆಯೆಲ್ಲ ಓಡಾಡುತ್ತಿದೆ.

"ಎಷ್ಟು ಕುರಿ ಇದೆ ಪುಟ್ಟಾ?" ಎಂದರು ತಜ್ಞೆ.

ಸುಷ್ಮಿತಾ ಅಜ್ಜಿಯ ಕಡೆ ನೋಡಿದಳು. "ಅದಾವೆ," ಎಂದಳು.

ಪೆನ್ನು ಕಾಗದದ ಮೇಲೆ ಇಳಿಯುವ ಹೊತ್ತಿಗೆ ನೀಲಾಂಬಿಕ ಮೇಡಂ ಮೇಜಿನ ಹತ್ತಿರ ಬಂದಿದ್ದರು. ಈ ಮಗುವಿಗೆ ಕುರಿ ಇಡಬೇಡಿ ಎಂದರು. ತಜ್ಞೆ ತಾಳ್ಮೆಯಿಂದಲೇ, ಇದು ಒಳ್ಳೆಯ ಸಾಮಗ್ರಿ, ಮಾಡಿದವರಿಗೆ ಬಹುಮಾನ ಬಂದಿದೆ ಎಂದು ವಿವರಿಸಿದರು.

"ಮಾಡಿದ್ದು ನಾನೇ. ಆ ಕಾಗದ ಬರೆದಿದ್ದೂ ನಾನೇ. ಎರಡೂ ತಪ್ಪಾಗಿದೆ," ಎಂದರು ಮೇಡಂ.

ಹಾಗೆಂದವರೇ ಚೀಲ ಮೇಜಿನ ಮೇಲಿಟ್ಟು ಪಂಚೆ ಬಿಚ್ಚಿದರು. ವಿಭೂತಿಯ ಹೆಂಗಸಿನ ಚೀಲದಿಂದ ಒಂದು ಟ್ರೇ ಮೊಟ್ಟೆ ಬಂದದ್ದನ್ನು ನೋಡಿ ಮುಂದಿನ ಸಾಲಿನ ಒಬ್ಬರು ಕುರ್ಚಿ ಹಿಂದೆ ಸರಿಸಿದರು. ಮೇಡಂ ಸುಷ್ಮಿತಾಳ ಕಡೆ ಬಗ್ಗಿ, ಇವತ್ತು ಇಲ್ಲಿ ಲೋಕಮ್ಮ ಇಲ್ಲ, ಊಟಕ್ಕೆ ಹೊತ್ತಾಯಿತು, ನೀನೇ ನೋಡಬೇಕು ಎಂದರು.

ಹುಡುಗಿ ಟ್ರೇಯನ್ನು ನೋಡಿದಳು. ಚೀಲವನ್ನು ನೋಡಿದಳು, ಅದು ಖಾಲಿಯಾಗಿತ್ತು. ಆಮೇಲೆ ಲಂಗ ಕೊಡವಿಕೊಂಡು ಎದ್ದು ಸಾಲಿನಿಂದ ಸಾಲಿಗೆ ಹೋದಳು. ಪ್ರತಿ ಮಗುವಿನ ಮುಂದೂ ನಿಂತು, ಮೊಟ್ಟೆನಾ ಬಾಳೆಹಣ್ಣಾ ಎಂದು ಕೇಳಿದಳು. ಮಾತು ಬಾರದ ಒಬ್ಬ ಹುಡುಗ ಬೆರಳು ದುಂಡಗೆ ಮಾಡಿ ತೋರಿಸಿದ; ಅದನ್ನೂ ತೆಗೆದುಕೊಂಡಳು. ಕೊನೆಗೆ ನೀಲಾಂಬಿಕ ಮೇಡಂ ಮುಂದೆಯೂ ನಿಂತಳು.

"ಮೇಡಂ, ನಿಮಗೆ?"

"ಬಾಳೆಹಣ್ಣು," ಎಂದರು ಮೇಡಂ.

ಸುಷ್ಮಿತಾ ಮೇಜಿಗೆ ವಾಪಸ್ ಬಂದು ಟ್ರೇಯ ಮೇಲೆ ಬಗ್ಗಿದಳು. "ಮಕ್ಕಳು ಇಪ್ಪತ್ತಾರು. ಆರು ಬಾಳೆಹಣ್ಣು, ಮೇಡಂದು ಸೇರಿದ್ರೆ ಏಳು. ಮೊಟ್ಟೆ ಇಪ್ಪತ್ತು ಹಾಕಬೇಕು. ಹತ್ತು ಉಳಿತಾವೆ. ಅದ್ರಾಗೆ ಎರಡು ಒಡಕು, ಎಂಟೇ ಅನ್ನಿ." ತಜ್ಞೆಯ ಕಡೆ ಅನುಮಾನದಿಂದ ನೋಡಿ ಸೇರಿಸಿದಳು, "ಬಾಳೆಹಣ್ಣು ಎಲ್ಲಿ?"

ಬಾಳೆಹಣ್ಣನ್ನು ಯಾರೂ ತಂದಿರಲಿಲ್ಲ. ಹಿಂದೆ ಕೂತಿದ್ದ ವೀರೇಶ ಸರ್ ತಾವೇ ಎದ್ದು ಹೊರಟರು. ಎಷ್ಟು ತರಲಿ ಎಂದು ಸುಷ್ಮಿತಾಳನ್ನೇ ಕೇಳಿದರು.

ತಜ್ಞೆ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು. ಒಂದು ಸಾಲು ಓದಲು ಕೊಟ್ಟು, ಬೆರಳು ಮುಂದೆ ಹೋಗುವುದನ್ನೂ ಕಣ್ಣು ಹಿಂದುಳಿಯು­ವುದನ್ನೂ ನಿಧಾನವಾಗಿ ನೋಡಿದರು. ಆಮೇಲೆ ಬರೆದರು: ಬುದ್ಧಿಗೆ ಹಿನ್ನಡೆಯಿಲ್ಲ, ತೊಡಕಿರುವುದು ಓದಿನಲ್ಲಿ ಮಾತ್ರ, ಇದೇ ಶಾಲೆಯಲ್ಲಿ, ವಾರಕ್ಕೆ ಮೂರು ಸಲ, ಓದಿಗೆಂದೇ ಬೇರೆ ಪಾಠ ಬೇಕು. ಹಾಲಮ್ಮನಿಗೆ ಅದನ್ನು ಓದಿ ಹೇಳಿದಾಗ ಅವಳು ಕೇಳಿದ್ದು ಒಂದೇ ಮಾತು, ಹಂಗಾರೆ ಸಂಜೆಗೆ ಮನೆಗೆ ಬರ್ತಾಳೆ ತಾನೇ ಎಂದು.

ವಾರಕ್ಕೆ ಮೂರು ಸಲದ ಪಾಠ ಅಡುಗೆಮನೆಯ ಜಗಲಿಯಲ್ಲೇ ನಡೆಯಿತು. ಮೇಡಂ ಚೀಟಿಗಳಲ್ಲಿ ಶಾಲೆಯ ಮಕ್ಕಳ ಹೆಸರು ದಪ್ಪಕ್ಷರದಲ್ಲಿ ಬರೆದು ತಂದರು. ಮೊದಲ ವಾರ ಮೂರೇ ಹೆಸರು. ಸುಷ್ಮಿತಾ ಹೆಸರು ಓದಿ, ಮೊಟ್ಟೆಯವರ ಚೀಟಿಯನ್ನು ಒಂದು ತಟ್ಟೆಗೆ, ಹಣ್ಣಿನವರದನ್ನು ಇನ್ನೊಂದಕ್ಕೆ ಹಾಕಬೇಕು. ಮುಖ ಗೊತ್ತಿದ್ದ ಹೆಸರುಗಳ ಅಕ್ಷರಗಳು ಅಷ್ಟಾಗಿ ಓಡಲಿಲ್ಲ. ನಾಗೇಶ ಬೇಗ ಬಂದ. ಯತೀಶ ಎರಡು ದಿನ ತೆಗೆದುಕೊಂಡ. ಮಧುಶ್ರೀಯ ಹತ್ತಿರ ಮೂರು ವಾರ ನಿಂತದ್ದಾಯಿತು. ಇಷ್ಟು ಕಷ್ಟದ ಹೆಸರಿನವಳಿಗೆ ಮೊಟ್ಟೆ ಕೊಡಬಾರದು ಎಂದು ಸುಷ್ಮಿತಾ ಲೋಕಮ್ಮನಿಗೆ ದೂರು ಹೇಳಿದಳು. ಫೆಬ್ರವರಿಯ ಹೊತ್ತಿಗೆ ನಲವತ್ತಮೂರು ಚೀಟಿಗಳೂ ಸರಿಯಾದ ತಟ್ಟೆ ಸೇರತೊಡಗಿದವು. ಮೇಡಂ ಮೂಗಿಗೂ ಆ ವೇಳೆಗೆ ಅಭ್ಯಾಸವಾಗಿತ್ತು. ಶಾಂತವೀರಪ್ಪನವರು ಮಾತ್ರ ಆ ಬೀದಿಗೆ ಇನ್ನೂ ಹೆಲ್ಮೆಟ್ಟಿಲ್ಲದೆ ಹೋಗುವುದಿಲ್ಲ.

ಮಾರ್ಚಿನಲ್ಲಿ ಕಚೇರಿಯಿಂದ ನಮೂನೆ ಬಂತು. ತಮ್ಮಲ್ಲಿರುವ ಕಲಿಕಾ ಸಾಮಗ್ರಿಗಳ ಪಟ್ಟಿ ಕೊಡಬೇಕು; ಒಂದು ಕಡೆ ಸಾಮಗ್ರಿಯ ಹೆಸರು, ಇನ್ನೊಂದು ಕಡೆ ಸಂಖ್ಯೆ. ಮೇಡಂ ಗುಂಡಿ, ಬೀಜ, ಅಕ್ಷರ, ಗಡಿಯಾರ ಎಲ್ಲ ಬರೆದು, ಬಟ್ಟೆಯ ಕುರಿ ಎಂಬಲ್ಲಿ ನಿಂತರು. ಕುರಿಗಳು ಹಾಲಮ್ಮನ ಮನೆಯ ಗೂಡಿನಲ್ಲೇ ಇದ್ದವು. ಅವರು ನಮೂನೆಯನ್ನು ಜಗಲಿಯ ಮೇಲೆ ಸುಷ್ಮಿತಾಳ ಮುಂದಿಟ್ಟು ಪೆನ್ನು ಕೊಟ್ಟರು.

ಸುಷ್ಮಿತಾ ಬೆರಳಿಟ್ಟು ಓದಿದಳು. ಬಟ್ಟೆಯ, ಕುರಿ. ಬೆರಳು ಪಕ್ಕದ ಚೌಕಕ್ಕೆ ಹೋಯಿತು, ಕಣ್ಣೂ ಹೋಯಿತು. ಸಂಖ್ಯೆ. ತಲೆಯೆತ್ತಿ ಮೇಡಂ ಮುಖ ನೋಡಿದಳು. ಮೇಡಂ ಅಂಗಳದಲ್ಲಿ ಕೈ ತೊಳೆಯುತ್ತಿದ್ದ ಮಕ್ಕಳ ಕಡೆ ನೋಡುತ್ತಿದ್ದರು.

ಹುಡುಗಿ ಬಗ್ಗಿ, ನಾಲಿಗೆ ತುದಿ ಹೊರಗಿಟ್ಟುಕೊಂಡು, ಒಂದೊಂದೇ ಅಕ್ಷರವನ್ನು ಗಟ್ಟಿಯಾಗಿ ಒತ್ತಿ ಬರೆದಳು: ಅದಾವೆ.

ನೀಲಾಂಬಿಕ ಮೇಡಂ ಅದರ ಕೆಳಗೆ ತಮ್ಮ ದುಂಡನೆಯ ಸಹಿ ಹಾಕಿ ಕಳಿಸಿದರು. ಕಚೇರಿಯಿಂದ ಈವರೆಗೆ ಯಾರೂ ಏನೂ ಕೇಳಿಲ್ಲ.